ಗಾಮಾ ಕಿರಣ: ನಂಬಿರುವುದು ಒಂದು, ನಿಜ ಇನ್ನೊಂದು

ಗಾಮಾ ಕಿರಣವೆಂದರೆ ಅಣುಬಾಂಬು ಇಲ್ಲವೆ ಕೈಗಾದ ಅಣುಸ್ಥಾವರ, ಚಿಕ್ಕೋಡಿ ಕಡೆಯವರಿಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಳ್ಳುವುದು ತಪ್ಪು. ರಾಯಬಾಗ, ಅಥಣಿ, ಕಾಗವಾಡದಲ್ಲಿ ಕಬ್ಬಿಗೆ ಹಾಕುವ 50 ಕಿಲೋ ಪೊಟ್ಯಾಷ್ ಚೀಲದಲ್ಲಿ ಸುಮಾರು 25 ಕಿಲೋ ಪೊಟ್ಯಾಸಿಯಂ ಇರುತ್ತದೆ. ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಒಂದು ವಿಕಿರಣಶೀಲ ಪೊಟ್ಯಾಸಿಯಂ-40. ಅಷ್ಟರಿಂದಲೇ ಆ ಚೀಲದೊಳಗೆ ಸೆಕೆಂಡಿಗೆ ಸುಮಾರು 80 ಸಾವಿರ ಗಾಮಾ ಕಿರಣಗಳು ಹುಟ್ಟುತ್ತವೆ. ನಿಪ್ಪಾಣಿಯ ತಂಬಾಕಿನ ಎಲೆಯಲ್ಲೂ ನಮ್ಮ ಮೈಯಲ್ಲೂ ಇದೇ ಪೊಟ್ಯಾಸಿಯಂ ಇದೆ. ಪ್ರಮಾಣ ತೀರಾ ಕಡಿಮೆ, ಹೆದರಬೇಕಿಲ್ಲ.

ಗಾಮಾ ಹೊರಟರೆ ಧಾತುವೇ ಬದಲಾಗುತ್ತದೆ ಎಂಬುದೂ ಸರಿಯಲ್ಲ. ಗಾಮಾ ಹೊರಡುವ ಮುನ್ನವೇ ಪೊಟ್ಯಾಸಿಯಂ-40 ಎಲೆಕ್ಟ್ರಾನೊಂದನ್ನು ಸೆಳೆದುಕೊಂಡು ಆರ್ಗಾನ್ ಆಗಿರುತ್ತದೆ. ಆ ಆರ್ಗಾನ್ ನ್ಯೂಕ್ಲಿಯಸ್ ತನ್ನಲ್ಲಿ ಮಿಕ್ಕ ಶಕ್ತಿಯನ್ನು 1,461 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಗಾಮಾ ಆಗಿ ಬಿಟ್ಟು ತಣ್ಣಗಾಗುತ್ತದೆ. ಆಗ ಪ್ರೋಟಾನ್, ನ್ಯೂಟ್ರಾನ್‌ಗಳ ಲೆಕ್ಕ ಬದಲಾಗುವುದಿಲ್ಲ. ಒಂದೊಂದು ನ್ಯೂಕ್ಲಿಯಸ್ ಬಿಡುವ ಶಕ್ತಿಯ ಅಳತೆ ಒಂದೊಂದು. ಅದನ್ನು ಅಳೆದರೆ ಒಳಗಿನ ಸ್ಥಿತಿ ತಿಳಿಯುತ್ತದೆ.

ನ್ಯೂಕ್ಲಿಯಸ್ ಎಂದರೆ ಗಟ್ಟಿಯಾದ ದುಂಡನೆಯ ಗೋಲಿ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಅದನ್ನು ಕಿತ್ತುಹಾಕುವಲ್ಲಿ ಗಾಮಾ ಕಿರಣಗಳ ಪಾಲು ದೊಡ್ಡದು. 1986ರಲ್ಲಿ ಇಂಗ್ಲೆಂಡಿನ ಡ್ಯಾರ್ಸ್‌ಬರಿಯಲ್ಲಿ ಭೌತವಿಜ್ಞಾನಿ ಪೀಟರ್ ಟ್ವಿನ್ ಮತ್ತು ಸಂಗಡಿಗರು ಪಲ್ಲೇಡಿಯಂಗೆ ಕ್ಯಾಲ್ಸಿಯಂ-48 ನ್ಯೂಕ್ಲಿಯಸ್‌ಗಳನ್ನು ಅಪ್ಪಳಿಸಿದರು. ಎರಡೂ ಕೂಡಿಕೊಂಡು, ನಾಲ್ಕು ನ್ಯೂಟ್ರಾನ್ ಉದುರಿ, ಡಿಸ್ಪ್ರೋಸಿಯಂ-152 ಬುಗುರಿಯಂತೆ ಗಿರಗಿರನೆ ತಿರುಗುತ್ತ ಹುಟ್ಟಿತು. ವೇಗ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಕೋಟಿ ಕೋಟಿ ಸುತ್ತು. ಅದು ನಿಧಾನವಾಗುತ್ತ ಬಿಟ್ಟ 19 ಗಾಮಾಗಳ ಶಕ್ತಿಯ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ, 47 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಆ ಅಂತರದಿಂದ ತಿಳಿದದ್ದು: ನ್ಯೂಕ್ಲಿಯಸ್ ಅಗಲದ ಎರಡು ಪಟ್ಟು ಉದ್ದಕ್ಕೆ ಚಾಚಿಕೊಂಡಿತ್ತು. ಭೌತವಿಜ್ಞಾನದಲ್ಲಿ ನನಗೆ ಇದಕ್ಕಿಂತ ಸೊಗಸಾದ ಅಳತೆ ಗೊತ್ತಿಲ್ಲ.

ಇಂಥ ಕೆಲಸ ವಿದೇಶದಲ್ಲಿ ಮಾತ್ರ ಎನ್ನಬೇಡಿ. ಮುಂಬೈ ಟಿಐಎಫ್‌ಆರ್, ದೆಹಲಿ, ಕೋಲ್ಕತ್ತಾಗಳಲ್ಲಿ ಸರದಿಯಂತೆ ನಡೆಯುವ 'ಇಂಗಾ' ಯೋಜನೆಯ ಜರ್ಮೇನಿಯಂ ಪತ್ತೆಯಂತ್ರಗಳು ಇದನ್ನೇ ಮಾಡುತ್ತವೆ. ಅವನ್ನು ತಂಪಾಗಿಡುವುದು ಪಶು ಆಸ್ಪತ್ರೆಗಳಲ್ಲಿ ವೀರ್ಯ ನಳಿಕೆ ಕಾಪಾಡುವ ದ್ರವ ಸಾರಜನಕವೇ, ಮೈನಸ್ 196 ಡಿಗ್ರಿ. ಬೆಚ್ಚಗಿದ್ದರೆ ಜರ್ಮೇನಿಯಂನ ಸ್ವಂತ ವಿದ್ಯುತ್ ಗದ್ದಲದಲ್ಲಿ ಗಾಮಾದ ಸುಳಿವೇ ಸಿಗದು.

ಹೀಗೆ ಅಪ್ಪಳಿಸಿದಾಗ ಹುಟ್ಟುವ ಬಿಸಿ ನ್ಯೂಕ್ಲಿಯಸ್‌ನ ತಾಪ ಸಾವಿರ ಕೋಟಿ ಡಿಗ್ರಿ ದಾಟುತ್ತದೆ, ಸೂರ್ಯನ ಒಡಲಿನದು ಒಂದೂವರೆ ಕೋಟಿ ಮಾತ್ರ. ಹಾಗಾದರೆ ಪ್ರಯೋಗಶಾಲೆ ಸುಟ್ಟುಹೋಗದೇ? ಇಲ್ಲ. ಆ ಬಿಸಿ ಇರುವುದು ನೂರಿನ್ನೂರು ಕಣಗಳ ಒಂದು ಗುಂಪಿಗೆ ಮಾತ್ರ. ಅದರ ಒಟ್ಟು ಶಕ್ತಿಯಿಂದ ಒಂದು ಹನಿ ನೀರೂ ಬೆಚ್ಚಗಾಗದು.