ಮೊದಲು ನೆಲ, ಆಮೇಲೆ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸಿಂಗಪುರದಲ್ಲಿ ಈ ಎರಡೂ ಕಷ್ಟಗಳು ಒಂದೇ ಅರ್ಜಿಯಿಂದ ಶುರುವಾಗುತ್ತವೆ. ಮದುವೆ ನಿಶ್ಚಯಿಸಿಕೊಂಡ ಹುಡುಗ ಹುಡುಗಿ ಜೊತೆಯಾಗಿ ಸರ್ಕಾರದ ವಸತಿ ಮಂಡಳಿಗೆ ಅರ್ಜಿ ಹಾಕುತ್ತಾರೆ. ಮನೆಯ ಕೀಲಿಕೈ ಸಿಗಲು ಮೂರು ನಾಲ್ಕು ವರ್ಷ ಕಾಯಬೇಕಾಗುವುದರಿಂದ ಅರ್ಜಿ ಮೊದಲು, ಓಲಗ ಆಮೇಲೆ. 'ಫ್ಲ್ಯಾಟಿಗೆ ಅರ್ಜಿ ಹಾಕೋಣವೇ?' ಎಂದು ಹುಡುಗ ಕೇಳಿದರೆ ಅದೇ ಮದುವೆಯ ಪ್ರಸ್ತಾಪ ಎಂದು ಅಲ್ಲಿನವರು ತಮಾಷೆ ಮಾಡುವುದುಂಟು.

ಆ ದೇಶದ ನಾಗರಿಕರು ಮತ್ತು ಕಾಯಂ ನಿವಾಸಿಗಳಲ್ಲಿ ನೂರಕ್ಕೆ ಸುಮಾರು 80 ಮಂದಿ ಇರುವುದು ಈ ಮಂಡಳಿ ಕಟ್ಟಿದ ಮನೆಗಳಲ್ಲಿ. ಹೌಸಿಂಗ್ ಅಂಡ್ ಡೆವಲಪ್‌ಮೆಂಟ್ ಬೋರ್ಡ್ ಎಂಬುದು ಅದರ ಹೆಸರು. ಜನರ ಬಾಯಲ್ಲಿ ಎಚ್‌ಡಿಬಿ. ಇಂಥ ಮನೆಗಳಲ್ಲಿರುವ ಹತ್ತು ಕುಟುಂಬಗಳಲ್ಲಿ ಒಂಬತ್ತು ಮನೆಯನ್ನು ಕೊಂಡವು, ಬಾಡಿಗೆಗೆ ಇರುವವಲ್ಲ. ಬಸ್ ಚಾಲಕ, ಶಾಲಾ ಶಿಕ್ಷಕಿ, ಕಚೇರಿಯ ಗುಮಾಸ್ತ ಎಲ್ಲರೂ ಅದರಲ್ಲಿ ಸೇರಿದ್ದಾರೆ.

ದುಡ್ಡಿರುವ ದೇಶ, ಕಟ್ಟಿತು ಎಂದು ಹೇಳಿಬಿಡಬಹುದು. ಆದರೆ ಕಟ್ಟಲು ಆರಂಭಿಸಿದಾಗ ಸಿಂಗಪುರದ ಬಳಿ ದುಡ್ಡಿರಲಿಲ್ಲ. ಜಾಗವಂತೂ ಇಲ್ಲವೇ ಇಲ್ಲ. ಇಡೀ ದೇಶದ ವಿಸ್ತೀರ್ಣ ಇವತ್ತಿಗೂ ಸುಮಾರು 730 ಚದರ ಕಿಲೋಮೀಟರ್. 2007ರಲ್ಲಿ ರೂಪುಗೊಂಡ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಷ್ಟು ನೆಲದಲ್ಲಿ ವಿಮಾನ ನಿಲ್ದಾಣ, ಬಂದರು, ಸೈನ್ಯದ ಜಾಗ, ಕುಡಿಯುವ ನೀರಿನ ಜಲಾಶಯ, ಎಲ್ಲವೂ ಆಗಬೇಕು.

1960ರ ಸಿಂಗಪುರ ಹೀಗಿತ್ತು: ಪೇಟೆಯ ಹಳೆಯ ಅಂಗಡಿ ಮನೆಗಳ ಮಹಡಿಗಳನ್ನು ಹಲಗೆಯಿಂದ ಅಡ್ಡಗಟ್ಟಿ, ಕಿಟಕಿಯೂ ಇಲ್ಲದ ಗೂಡುಗಳಲ್ಲಿ ಒಂದೊಂದು ಸಂಸಾರ. ಊರಂಚಿನಲ್ಲಿ ಗರಿ ಮತ್ತು ತಗಡು ಹೊದಿಸಿದ ಮರದ ಮನೆಗಳ ಹಳ್ಳಿಗಳು. ಇವಕ್ಕೆ ಕಂಪೊಂಗ್ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ, 1927ರಲ್ಲಿ, ಹುಟ್ಟಿದ ನಗರ ಸುಧಾರಣಾ ಟ್ರಸ್ಟ್ 32 ವರ್ಷಗಳಲ್ಲಿ ಕಟ್ಟಿದ್ದು ಸುಮಾರು 23 ಸಾವಿರ ಮನೆ ಮಾತ್ರ. 1960ರ ಫೆಬ್ರವರಿ 1ರಂದು ಅದರ ಜಾಗಕ್ಕೆ ಎಚ್‌ಡಿಬಿ ಬಂತು. ಲಿಮ್ ಕಿಮ್ ಸಾನ್ ಎಂಬ ವ್ಯಾಪಾರಿ ಅದರ ಮೊದಲ ಅಧ್ಯಕ್ಷರಾಗಿ ಸಂಬಳವಿಲ್ಲದೆ ದುಡಿದರು. ಮಂಡಳಿಗೆ ಹತ್ತು ಸಾವಿರ ಮನೆ ಕಟ್ಟುವ ಶಕ್ತಿ ಇದೆಯೇ ಎಂದು ನೋಡಲು ಒಂದು ಸಮಿತಿ ನೇಮಕವಾಗಿ, 'ಇಲ್ಲ' ಎಂಬ ವರದಿ ಬರುವಷ್ಟರಲ್ಲಿ ಮನೆಗಳು ಎದ್ದು ನಿಂತಿದ್ದವು ಎಂಬ ಕಥೆ ಇದೆ. ಮೊದಲ ಐದು ವರ್ಷಗಳಲ್ಲಿ ಕಟ್ಟಿದ್ದು 50 ಸಾವಿರಕ್ಕೂ ಹೆಚ್ಚು. ಅಂದವೇನೂ ಇರಲಿಲ್ಲ. ಒಂದು, ಎರಡು, ಮೂರು ಕೋಣೆಯ ಮನೆಗಳ ಉದ್ದುದ್ದ ಸಾಲುಗಳು. ನೀರು, ವಿದ್ಯುತ್ತು, ಶೌಚಾಲಯ ಇದ್ದವು ಎಂಬುದೇ ದೊಡ್ಡದು.

ಇನ್ನು ನೆಲದ ಮಾತು. ಇಡೀ ಕಥೆಯ ಗುಟ್ಟು ಇರುವುದು ಇಲ್ಲಿಯೇ.

1961ರ ಮೇ 25ರಂದು ಬುಕಿಟ್ ಹೊ ಸ್ವೀ ಎಂಬ ಕಂಪೊಂಗಿಗೆ ಬೆಂಕಿ ಬಿತ್ತು. ಒಂದೇ ದಿನದಲ್ಲಿ ಸುಮಾರು 16 ಸಾವಿರ ಜನ ಬೀದಿಗೆ ಬಂದರು. ಸರ್ಕಾರ ಆ ಜಾಗವನ್ನೇ ವಶಪಡಿಸಿಕೊಂಡು ಬಹುಮಹಡಿ ಮನೆಗಳನ್ನು ಕಟ್ಟಲು ಹೊರಟಿತು. ಆಗ ಒಂದು ವಿಚಿತ್ರ ಪ್ರಶ್ನೆ ಎದ್ದಿತು. ಗುಡಿಸಲುಗಳು ತುಂಬಿದ್ದ ನೆಲಕ್ಕೆ ಬೆಲೆ ಕಡಿಮೆ, ಖಾಲಿ ನೆಲಕ್ಕೆ ಅದರ ಹಲವು ಪಟ್ಟು. ಜನರ ಮನೆ ಸುಟ್ಟಿತು ಎಂಬ ಕಾರಣಕ್ಕೆ ನೆಲದ ಒಡೆಯನಿಗೆ ಲಾಭವಾಗಬೇಕೇ? ಬೇಡ ಎಂದಿತು ಸರ್ಕಾರ. ಬೆಂಕಿ ಬೀಳುವ ಮೊದಲು ಇದ್ದ ಸ್ಥಿತಿಯ ಮೇಲೆಯೇ ಬೆಲೆ ಕಟ್ಟಬೇಕೆಂದು ಕಾನೂನು ಮಾಡಿತು.

1966ರ ಭೂಸ್ವಾಧೀನ ಕಾಯ್ದೆಯ ಹಿಂದೆ ಇದೇ ತರ್ಕ ಇತ್ತು. ಇಟ್ಟಿಗೆ, ಸಿಮೆಂಟು, ಕಬ್ಬಿಣದ ಬೆಲೆ ಊರೊಳಗೂ ಊರಾಚೆಗೂ ಒಂದೇ. ಮನೆ ತುಟ್ಟಿಯಾಗುವುದು ಕೆಳಗಿನ ನೆಲದಿಂದ. ಆ ನೆಲದ ಬೆಲೆಯಾದರೂ ಏರುವುದು ಏಕೆ? ಸರ್ಕಾರ ರಸ್ತೆ ಹಾಕಿತು, ನೀರು ತಂದಿತು, ಶಾಲೆ ತೆರೆಯಿತು. ಒಡೆಯ ಸುಮ್ಮನೆ ಕಾದು ಕುಳಿತಿದ್ದ. ಆದ್ದರಿಂದ ಏರಿಕೆ ಅವನಿಗೆ ಸೇರಬಾರದು ಎಂಬುದು ವಾದ. 1973ರ ತಿದ್ದುಪಡಿಯಂತೆ ಆ ವರ್ಷದ ನವೆಂಬರ್ 30ರ ಬೆಲೆ ಅಥವಾ ವಶಪಡಿಸಿಕೊಂಡಾಗಿನ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಪರಿಹಾರ. ಈ ದಿನಾಂಕವನ್ನು ಮುಂದೆ ಆಗಾಗ ಬದಲಿಸಿದರು. ಪೂರ್ತಿ ಮಾರುಕಟ್ಟೆ ಬೆಲೆ ಕೊಡುವ ಪದ್ಧತಿ ಬಂದದ್ದು 2007ರಲ್ಲಿ. 1960ರಲ್ಲಿ ದ್ವೀಪದ ನೆಲದಲ್ಲಿ ಶೇಕಡ 44 ಸರ್ಕಾರದ್ದಾಗಿತ್ತು. 1985ರ ಹೊತ್ತಿಗೆ ಅದು ಶೇಕಡ 76.

ಇದು ನ್ಯಾಯವೇ? ಮೂರು ತಲೆಮಾರಿನ ತೋಟ ಕಳೆದುಕೊಂಡವನಿಗೆ ಖಂಡಿತ ಅಲ್ಲ. ಅಗ್ಗದ ಮನೆಯ ಖರ್ಚಿನಲ್ಲಿ ದೊಡ್ಡ ಪಾಲನ್ನು ಭರಿಸಿದವನು ಅವನೇ. ಕಂಪೊಂಗಿನ ಜನರೂ ನಗುನಗುತ್ತಾ ಹೊರಟವರಲ್ಲ. ಕೋಳಿ, ಹಂದಿ ಸಾಕಿಕೊಂಡಿದ್ದ ಕೆಲವರು ಅವನ್ನೂ ಜೊತೆಗೆ ಕರೆತಂದರು. ಹಂದಿಗಳನ್ನು ಪುಸಲಾಯಿಸಿ ಮೆಟ್ಟಿಲು ಹತ್ತಿಸುತ್ತಿದ್ದವರ ಬಗ್ಗೆ ಪ್ರಧಾನಿಯಾಗಿದ್ದ ಲೀ ಕ್ವಾನ್ ಯೂ ತಮ್ಮ ನೆನಪಿನ ಪುಸ್ತಕದಲ್ಲಿ ಬರೆದಿದ್ದಾರೆ.

ನೆಲ ಕೈಗೆ ಬಂದ ಮೇಲೆ ಹಣದ ದಾರಿ ಸುಲಭವಾಯಿತು. ಬಾಡಿಗೆಗೆ ಮಾತ್ರ ಕೊಡುತ್ತಿದ್ದ ಮನೆಗಳನ್ನು 1964ರಿಂದ ಮಾರತೊಡಗಿದರು. 1968ರಲ್ಲಿ ನೌಕರರು ತಮ್ಮ ಪ್ರಾವಿಡೆಂಟ್ ಫಂಡ್ ಹಣವನ್ನು ಮನೆಗೆ ಬಳಸಬಹುದೆಂದು ಅನುಮತಿ ಸಿಕ್ಕಿತು. ಕಂತು ಫಂಡಿನಿಂದಲೇ ಹೋಗುವುದರಿಂದ ತಿಂಗಳ ಸಂಬಳಕ್ಕೆ ಕತ್ತರಿ ಬೀಳುವುದು ಕಡಿಮೆ.

ಆದರೆ ಮನೆ ಅಗ್ಗವಾಗಿದ್ದು ಕೆಲಸಕ್ಕೆ ಹೋಗಲು ಎರಡು ಗಂಟೆ ಬೇಕಾದರೆ ಏನು ಪ್ರಯೋಜನ? 1971ರ ನಗರ ಯೋಜನೆ ದ್ವೀಪದ ನಡುವಿನ ಜಲಾಶಯಗಳ ಸುತ್ತ ಉಂಗುರದಂತೆ ಹೊಸ ಪಟ್ಟಣಗಳನ್ನು ಗುರುತಿಸಿತು. ಪ್ರತಿ ಪಟ್ಟಣಕ್ಕೂ ಮಾರುಕಟ್ಟೆ, ಶಾಲೆ, ಚಿಕಿತ್ಸಾಲಯ, ಊಟದ ಅಂಗಡಿಗಳ ಸಂಕೀರ್ಣ. 1987ರ ನವೆಂಬರಿನಲ್ಲಿ ಮೊದಲ ಮೆಟ್ರೋ ರೈಲು ಓಡಿತಲ್ಲ, ಅದರ ಐದು ನಿಲ್ದಾಣಗಳು ಇದ್ದದ್ದು ವಿಮಾನ ನಿಲ್ದಾಣದ ಕಡೆಯಲ್ಲೂ ಅಲ್ಲ, ಬ್ಯಾಂಕುಗಳ ಬೀದಿಯಲ್ಲೂ ಅಲ್ಲ. ಯೋ ಚು ಕಾಂಗ್‌ನಿಂದ ಟೋವಾ ಪಯೋವರೆಗೆ, ಎಚ್‌ಡಿಬಿ ಮನೆಗಳ ನಡುವೆ.

ಕಟ್ಟಡಗಳ ನೆಲಮಹಡಿಯನ್ನು ಖಾಲಿ ಬಿಡುವ ಪದ್ಧತಿಯೂ ಇದೆ. ಒಂದು ವಾರ ಅಲ್ಲಿ ಮಲಯರ ಮದುವೆಯ ಊಟ, ಇನ್ನೊಂದು ವಾರ ಚೀನೀಯರ ಸಾವಿನ ವಿಧಿ. ಒಂದೊಂದು ಜನಾಂಗ ಒಂದೊಂದು ಕಡೆ ಗುಂಪುಗೂಡಬಾರದೆಂದು 1989ರಲ್ಲಿ ಪ್ರತಿ ಕಟ್ಟಡಕ್ಕೂ ಪ್ರಮಾಣ ಗೊತ್ತುಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಆ ಪ್ರಮಾಣ ತುಂಬಿದ ಕಟ್ಟಡದಲ್ಲಿ ಭಾರತೀಯ ಮೂಲದವನೊಬ್ಬ ಮನೆ ಮಾರಬೇಕಾದರೆ ಕೊಳ್ಳುವವರ ಸಂಖ್ಯೆ ಕಡಿಮೆಯಾಗಿ ಬೆಲೆಯೂ ಇಳಿಯುತ್ತದೆ.

ಈಗ ಅಲ್ಲಿನ ಮನೆಮನೆಯಲ್ಲಿ ಚರ್ಚೆಯಾಗುವ ವಿಷಯ ಬೇರೆ. ಕೊಳ್ಳುವಾಗ ಮನೆ ಅಗ್ಗವಾಗಿರಬೇಕು, ಮಾರುವಾಗ ತುಟ್ಟಿಯಾಗಿರಬೇಕು. ಎರಡೂ ಒಟ್ಟಿಗೆ ಆಗುವುದು ಹೇಗೆ? ಹಳೆಯ ಮನೆಗೆ ಒಳ್ಳೆಯ ಬೆಲೆ ಬರಲಿ ಎಂದು ಅಪ್ಪ, ಬೆಲೆ ಇಳಿಯಲಿ ಎಂದು ಮಗ, ಒಂದೇ ಮೇಜಿನ ಮುಂದೆ ಕುಳಿತು ಉಣ್ಣುತ್ತಾರೆ. 2024ರಲ್ಲಿ ಒಂದು ಸಾವಿರಕ್ಕೂ ಹೆಚ್ಚು ಎಚ್‌ಡಿಬಿ ಮನೆಗಳು ಹತ್ತು ಲಕ್ಷ ಸಿಂಗಪುರ ಡಾಲರ್ ಅಥವಾ ಅದಕ್ಕೂ ಮೇಲಿನ ಬೆಲೆಗೆ ಕೈ ಬದಲಾದವು. ಅದೇ ವರ್ಷದ ಅಕ್ಟೋಬರಿನಿಂದ ಒಳ್ಳೆಯ ಜಾಗದ ಹೊಸ ಮನೆಗಳನ್ನು ಹತ್ತು ವರ್ಷ ಮಾರುವಂತಿಲ್ಲ. ಮಾರಿದಾಗ ಸಬ್ಸಿಡಿಯ ಒಂದು ಪಾಲನ್ನು ಹಿಂದಿರುಗಿಸಬೇಕು.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಇನ್ನೊಂದಿದೆ. 'ಸ್ವಂತ' ಮನೆ ಎನ್ನುವುದು ವಾಸ್ತವವಾಗಿ 99 ವರ್ಷದ ಗುತ್ತಿಗೆ. ಲೆಕ್ಕ ಹಾಕಿ ನೋಡಿ: 1970ರಲ್ಲಿ ಗುತ್ತಿಗೆ ಆರಂಭವಾದ ಮನೆಯನ್ನು 2025ರಲ್ಲಿ ಮೂವತ್ತು ವರ್ಷದ ಒಬ್ಬಾಕೆ ಕೊಂಡರೆ ಉಳಿದದ್ದು 44 ವರ್ಷ. ಅವಳ 74ನೇ ವಯಸ್ಸಿಗೆ ಮನೆ ಸರ್ಕಾರದ ಪಾಲು, ಮಕ್ಕಳಿಗೆ ಬಿಟ್ಟುಹೋಗಲು ಏನೂ ಇಲ್ಲ. ಇದು ಬರೀ ಕಾಗದದ ಮೇಲಿನ ಮಾತಲ್ಲ. ಗೇಲಾಂಗ್ ಎಂಬಲ್ಲಿ 60 ವರ್ಷದ ಗುತ್ತಿಗೆಯಲ್ಲಿದ್ದ 191 ಖಾಸಗಿ ಮನೆಗಳ ಅವಧಿ 2020ರ ಡಿಸೆಂಬರ್ 31ಕ್ಕೆ ಮುಗಿದಾಗ ನೆಲ ಪರಿಹಾರವಿಲ್ಲದೆ ಸರ್ಕಾರಕ್ಕೆ ಮರಳಿತು.

ಎಚ್‌ಡಿಬಿ ಮನೆಗಳಿಗಾಗಿ 2018ರಲ್ಲಿ ಒಂದು ದಾರಿ ಸೂಚಿಸಲಾಯಿತು. ಕಟ್ಟಡಕ್ಕೆ ಸುಮಾರು 70 ವರ್ಷವಾದಾಗ ನಿವಾಸಿಗಳು ಮತ ಹಾಕಿ, ಬಹುಮತ ಬಂದರೆ ಮನೆಗಳನ್ನು ಸರ್ಕಾರಕ್ಕೆ ಮಾರಬಹುದು. ಹಿಂದೆ ಆಯ್ದ ಕೆಲವು ಹಳೆಯ ಕಟ್ಟಡಗಳನ್ನು ಕೆಡವಿದಾಗ ಕೊಟ್ಟಷ್ಟು ಉದಾರವಾದ ಪರಿಹಾರ ಈಗ ಇರುವುದಿಲ್ಲ ಎಂದು ಸರ್ಕಾರ ಆಗಲೇ ತಿಳಿಸಿದೆ. ಟೋವಾ ಪಯೋದಲ್ಲಿ 1960ರ ದಶಕದಲ್ಲಿ ಎದ್ದ ಕಟ್ಟಡಗಳಿಗೆ ಎಪ್ಪತ್ತು ತುಂಬುವುದು 2030ರ ದಶಕದಲ್ಲಿ.