ನಿಮಗಿದು ಗೊತ್ತೆ? ವಿಮಾನದ ಊರಿನ ಚಕ್ಕೋತ

ಬೆಂಗಳೂರಿನ ಉತ್ತರಹಳ್ಳಿಯವರಿಗೆ ದೇವನಹಳ್ಳಿ ಎಂದರೆ ವಿಮಾನ ಹತ್ತುವ ಊರು. 2008ರಲ್ಲಿ ನಿಲ್ದಾಣ ಶುರುವಾಗುವ ಮೊದಲು ಅದು ಹೆಸರಾಗಿದ್ದುದು ಟಿಪ್ಪು ಹುಟ್ಟಿದೂರೆಂದು, ಜತೆಗೆ ಚಕ್ಕೋತಕ್ಕೆ. ನಿಂಬೆ, ಕಿತ್ತಳೆಯ ಬಳಗದಲ್ಲೇ ಅತಿ ದೊಡ್ಡ ಹಣ್ಣಿದು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಇದೆ. ದಪ್ಪ ಸಿಪ್ಪೆ ಸುಲಿದು, ತೊಳೆಯ ಮೇಲಿನ ಕಹಿ ಪೊರೆ ಬಿಡಿಸಿದರೆ ಕೆಂಪನೆಯ ತಿರುಳು. ಉಪ್ಪು-ಖಾರ ಉದುರಿಸಿ ತಿಂದರೇ ರುಚಿ! ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಬಿಕರಿಯಾಗುವ ವಿದೇಶಿ ಗ್ರೇಪ್‌ಫ್ರೂಟ್ ಕೂಡ ಚಕ್ಕೋತದ ಸಂತಾನವೇ. 18ನೇ ಶತಮಾನದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಚಕ್ಕೋತ, ಕಿತ್ತಳೆ ತಾವಾಗಿಯೇ ಬೆರೆತು ಹುಟ್ಟಿದ ತಳಿ. ಇತ್ತ ದೇವನಹಳ್ಳಿಯಲ್ಲಿ ತೋಟಗಳು ಸೈಟುಗಳಾಗಿ, ಮರಗಳು ವಿರಳವಾಗಿವೆ. ಅಂದಹಾಗೆ, ಕೊಲೆಸ್ಟ್ರಾಲ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಚಕ್ಕೋತ ತಿನ್ನಿ. ಕೆಲವು ಮಾತ್ರೆಗಳಿಗೂ ಈ ಹಣ್ಣಿಗೂ ಆಗಿಬರುವುದಿಲ್ಲ.