ವಿಂಡೋಸ್ ನವೀಕರಣ ಮತ್ತು ಡ್ರೈವರ್ ತೊಂದರೆ: ವರ್ತಕರು ಗಮನಿಸಬೇಕಾದ ಅಂಶಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ಹರಪನಹಳ್ಳಿಯ ಮೆಕ್ಕೆಜೋಳದ ವರ್ತಕರಿಗಾಗಲಿ, ಕಿರು ಉದ್ಯಮಿಗಳಿಗಾಗಲಿ ವಿಂಡೋಸ್ 11 ಅನಿವಾರ್ಯವಾಗುತ್ತಿದೆ. ಬದಲಾವಣೆಯ ನಂತರ ತೂಕದ ಯಂತ್ರದ ಅಂಕಿ ಲ್ಯಾಪ್‌ಟಾಪಿಗೆ ಬಾರದಿದ್ದರೆ, ಬಿಲ್ಲಿನ ಪ್ರಿಂಟರ್ ನಿಂತರೆ, ಯಂತ್ರವೇ ಕೆಟ್ಟಿತೆಂದು ಭಾವಿಸಿ ಹೊಸದನ್ನು ಕೊಳ್ಳುವುದು ಸಲ್ಲದು.

ಯಂತ್ರಕ್ಕೂ ವಿಂಡೋಸ್‌ಗೂ ನಡುವೆ ದುಭಾಷಿಯಾಗಿರುವ ತಂತ್ರಾಂಶವೇ ಡ್ರೈವರ್. ಮೊದಲು ಡಿವೈಸ್ ಮ್ಯಾನೇಜರ್ ತೆರೆದು, ಹಳದಿ ಗುರುತಿರುವ ಸಾಧನವನ್ನು ಪತ್ತೆಹಚ್ಚಬೇಕು. ಅದರ ಪ್ರಾಪರ್ಟೀಸ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಿಂದಿನ ಡ್ರೈವರ್ ಮರಳುತ್ತದೆ. ಆ ಗುಂಡಿ ಮಸುಕಾಗಿದ್ದರೆ ತಯಾರಕರ ಜಾಲತಾಣದಿಂದಲೇ ಸೂಕ್ತ ಡ್ರೈವರ್ ಪಡೆಯತಕ್ಕದ್ದು.

ತೂಕದ ಯಂತ್ರವನ್ನು ಜೋಡಿಸುವ ಯುಎಸ್‌ಬಿ-ಸೀರಿಯಲ್ ಕೇಬಲಿನಲ್ಲಿ ಪ್ರೊಲಿಫಿಕ್ ಕಂಪನಿಯ ಹಳೆಯ ಪಿಎಲ್-2303ಎಚ್‌ಎಕ್ಸ್‌ಎ ಚಿಪ್ ಇದ್ದರೆ ಹೊಸ ಡ್ರೈವರ್ ಅದನ್ನು ಒಪ್ಪುವುದಿಲ್ಲ. 2012ರಿಂದ ಕೈಬಿಟ್ಟ ಚಿಪ್ ಎಂಬ ಸೂಚನೆ ಡಿವೈಸ್ ಮ್ಯಾನೇಜರಿನಲ್ಲಿಯೇ ಇಂಗ್ಲಿಷಿನಲ್ಲಿ ಕಾಣುತ್ತದೆ. ಆಗ ಕೇಬಲ್ ಬದಲಿಸಿ, ಹೊಸ ಕಾಮ್ ಪೋರ್ಟ್ ಸಂಖ್ಯೆಯನ್ನು ಬಿಲ್ಲಿಂಗ್ ತಂತ್ರಾಂಶದಲ್ಲಿ ನಮೂದಿಸಿದರೆ ಸಾಕು.

ವಿಂಡೋಸ್ 11ಕ್ಕೆ ಬದಲಾದ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಮೂಲಕ ಹಿಂದಿನ ಆವೃತ್ತಿಗೆ ಮರಳಲು ಅವಕಾಶವಿದೆ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಗಡುವು 11, ಜಿಎಸ್‌ಟಿಆರ್-3ಬಿಯದು 20ನೇ ತಾರೀಖು. ಆದ್ದರಿಂದ ಲೆಕ್ಕಪತ್ರಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇರಿಸಿಕೊಂಡು, 20ರ ನಂತರವೇ ನವೀಕರಣ ಕೈಗೊಳ್ಳುವುದು ಲೇಸು. ತೊಂದರೆಯಾದರೂ ಮುಂದಿನ ಗಡುವಿನೊಳಗೆ ಸರಿಪಡಿಸಿಕೊಳ್ಳಲು ಕಾಲಾವಕಾಶವಿರುತ್ತದೆ.